ಕಟಿಂಗ್ ಅಂಗಡಿಯ ಲೆಕ್ಕ: ವಹಿವಾಟು ಎಷ್ಟು, ಉಳಿದದ್ದೆಷ್ಟು, ತೆರಿಗೆ ಯಾವುದಕ್ಕೆ

ಕಟಿಂಗ್ ಕಲಿಯುವ ನಮ್ಮ ಬ್ಯಾಚಿನವರಿಗೆಲ್ಲ ಕತ್ತರಿ, ಟ್ರಿಮ್ಮರ್ ಕೈಗೆ ಹತ್ತಿದೆ. ವಿಜಯಪುರದಲ್ಲೇ ಅಂಗಡಿ ಹಾಕಬೇಕು ಅನ್ನೋರು ಬಾಡಿಗೆ ಜಾಗ ಹುಡುಕುತ್ತಿದ್ದಾರೆ. ತೆರಿಗೆ ಮಾತು ಬಂದರೆ ಮಾತ್ರ ಎಲ್ಲರ ಮುಖ ಸಣ್ಣದಾಗುತ್ತದೆ. ಅದಕ್ಕೆ ಕಾರಣವೂ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು "ರೊಕ್ಕಾನೇ ಕೊಡ್ರಿ" ಅನ್ನತೊಡಗಿದರು. ಆ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಜಿಎಸ್‌ಟಿ ನೋಡುವುದು ಅಂಗಡಿಗೆ ಬಂದ ಒಟ್ಟು ರೊಕ್ಕವನ್ನು. ಆದಾಯ ತೆರಿಗೆ ಬೀಳುವುದು ಖರ್ಚು ಕಳೆದು ಉಳಿದದ್ದರ ಮೇಲೆ. ಮೊದಲನೆಯದು ವಹಿವಾಟು, ಎರಡನೆಯದು ಲಾಭ. ಅರ್ಧ ಭಯ ಹುಟ್ಟುವುದೇ ಇವೆರಡನ್ನು ಕಲಸಿಬಿಡುವುದರಿಂದ.

ಒಂದು ಅಂಗಡಿಯ ಲೆಕ್ಕ ಹಾಕೋಣ

ಎರಡು ಕುರ್ಚಿಯ ಅಂಗಡಿ, ಒಬ್ಬ ಸಹಾಯಕ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 80,000 ರೂಪಾಯಿ ಬಂದರೆ ವರ್ಷಕ್ಕೆ 9,60,000. ಇದರಲ್ಲಿ 5,60,000 ಫೋನಿನಲ್ಲಿ, 4,00,000 ಕೈಯಲ್ಲಿ ಬಂತು ಅನ್ನೋಣ.

ಇನ್ನು ಖರ್ಚು. ತಿಂಗಳಿಗೆ ಬಾಡಿಗೆ 8,000, ಸಹಾಯಕನ ಪಗಾರ 12,000, ಬ್ಲೇಡು, ಕ್ರೀಮು, ಬಣ್ಣ, ಶಾಂಪೂ ಎಲ್ಲ ಸೇರಿ 9,000, ಹೆಸ್ಕಾಂ ಕರೆಂಟ್ ಬಿಲ್ಲು 2,200. ರಿಪೇರಿ, ಟವೆಲ್ ತೊಳೆಸುವುದು, ಲೈಸೆನ್ಸ್ ಫೀ, ಸಾಮಾನು ತರಲು ಸೊಲ್ಲಾಪುರಕ್ಕೆ ಹೋಗಿಬರುವ ಬಸ್ ಚಾರ್ಜು ಇತ್ಯಾದಿ 2,000. ಒಟ್ಟು ತಿಂಗಳಿಗೆ 33,200, ವರ್ಷಕ್ಕೆ 3,98,400. ಉಳಿದದ್ದು 5,61,600. ಇದು ಲಾಭ.

ಈಗ 2025-26ರ ಹೊಸ ತೆರಿಗೆ ಪದ್ಧತಿ ನೋಡಿ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ 5, 8ರಿಂದ 12 ಲಕ್ಷದ ಭಾಗಕ್ಕೆ ಶೇ 10. ನಮ್ಮ ಅಂಗಡಿಯ ಲಾಭದಲ್ಲಿ 4 ಲಕ್ಷ ದಾಟಿದ್ದು 1,61,600. ಅದರ ಶೇ 5 ಅಂದರೆ 8,080 ರೂಪಾಯಿ. ಆದರೆ ಆದಾಯ 12 ಲಕ್ಷದ ಒಳಗಿದ್ದರೆ 60,000 ರೂಪಾಯಿವರೆಗಿನ ತೆರಿಗೆಗೆ ಪೂರ್ತಿ ರಿಯಾಯಿತಿ ಸಿಗುತ್ತದೆ. ಹಾಗಾಗಿ ಕಟ್ಟಬೇಕಾದದ್ದು ಸೊನ್ನೆ.

ಸೊನ್ನೆ ಅಂದ ಮಾತ್ರಕ್ಕೆ ರಿಟರ್ನ್ (ಆದಾಯದ ಲೆಕ್ಕ ತೋರಿಸುವ ಫಾರ್ಮು) ಹಾಕೋದು ಬೇಡ ಅಂತಲ್ಲ. ಆದಾಯ 4 ಲಕ್ಷ ದಾಟಿದೆ, ಅಲ್ವಾ? ರಿಯಾಯಿತಿ ಸಿಗಬೇಕಾದರೂ ರಿಟರ್ನ್ ಸಲ್ಲಿಸಲೇಬೇಕು. ಇನ್ನೊಂದು ನಿಯಮ ನಮ್ಮ ಊರಿನ ಬೇಸಿಗೆಗೆ ತಾಗುವಂಥದ್ದು. ಎಸಿ ಹಾಕಿಸಿ, ವರ್ಷದ ಕರೆಂಟ್ ಬಿಲ್ಲು 1 ಲಕ್ಷ ದಾಟಿದರೆ ಲಾಭ ಎಷ್ಟೇ ಕಮ್ಮಿ ಇರಲಿ, ರಿಟರ್ನ್ ಕಡ್ಡಾಯ.

ಶೇ 6, ಶೇ 8ರ ಪದ್ಧತಿ

ಎಲ್ಲರೂ ಕೇಳುವುದು ಇದನ್ನೇ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮು ಸಣ್ಣ ವ್ಯಾಪಾರಿಗೆ ಒಂದು ಸುಲಭ ದಾರಿ ಕೊಟ್ಟಿದೆ. ವಹಿವಾಟು 2 ಕೋಟಿ ಒಳಗಿದ್ದರೆ ಖರ್ಚಿನ ಪ್ರತಿಯೊಂದು ಬಿಲ್ಲೂ ತೋರಿಸಬೇಕಿಲ್ಲ. ಬ್ಯಾಂಕು, ಯುಪಿಐ ಮೂಲಕ ಬಂದದ್ದರ ಶೇ 6, ನಗದಾಗಿ ಬಂದದ್ದರ ಶೇ 8 ಲಾಭ ಅಂತ ಹಿಡಿದು ಐಟಿಆರ್-4, ಅಂದರೆ ಸುಗಮ್ ಫಾರ್ಮು ತುಂಬಬಹುದು. ವಕೀಲರು, ಡಾಕ್ಟರು ಮುಂತಾದ ಕೆಲವು ವೃತ್ತಿಯವರಿಗೆ ಬೇರೆ ಕಲಮು ಇದೆ. ಕಟಿಂಗ್ ಅಂಗಡಿ ಆ ಪಟ್ಟಿಯಲ್ಲಿಲ್ಲ, ಅದು ವ್ಯಾಪಾರವೇ. ಹಾಗಾಗಿ 44ಎಡಿ ನಮಗೆ ಹೊಂದುತ್ತದೆ.

ನಮ್ಮ ಅಂಗಡಿಗೆ ಹಾಕಿ ನೋಡಿ. 5,60,000ಕ್ಕೆ ಶೇ 6 ಅಂದರೆ 33,600. 4,00,000ಕ್ಕೆ ಶೇ 8 ಅಂದರೆ 32,000. ಒಟ್ಟು 65,600. "ಹಂಗಾದ್ರ ಅಷ್ಟೇ ತೋರಿಸಿದ್ರ ಆತಲ್ಲ" ಅಂತ ಗೆಳೆಯರು ಥಟ್ಟನೆ ಹೇಳುತ್ತಾರೆ. ಇಲ್ಲಿ ನಿಲ್ಲಿ. ಶೇ 6, ಶೇ 8 ಅನ್ನುವುದು ಕನಿಷ್ಠ. ಅದಕ್ಕಿಂತ ಜಾಸ್ತಿ ಗಳಿಸಿದ್ದರೆ ಜಾಸ್ತಿಯನ್ನೇ ತೋರಿಸಬೇಕು ಅನ್ನುವುದು ಕಲಮಿನಲ್ಲೇ ಇದೆ. ನಮ್ಮ ಕೆಲಸದಲ್ಲಿ ಸಾಮಾನಿಗಿಂತ ಕೈಚಳಕಕ್ಕೇ ಬೆಲೆ. ಹಾಗಾಗಿ ಲಾಭ ಶೇ 8ಕ್ಕಿಂತ ಎಷ್ಟೋ ಮೇಲಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು: ನಿಜವಾದ ಲಾಭ ತೋರಿಸಿ. 65,600 ತೋರಿಸಿದರೂ ತೆರಿಗೆ ಸೊನ್ನೆ, 5,61,600 ತೋರಿಸಿದರೂ ಸೊನ್ನೆ. ಆದರೆ ನಾಳೆ ಎರಡನೇ ಅಂಗಡಿಗೋ ಮನೆಗೋ ಸಾಲ ಬೇಕು ಅಂದಾಗ ಬ್ಯಾಂಕಿನವರು ಹಿಂದಿನ ವರ್ಷಗಳ ರಿಟರ್ನ್ ಕೇಳುತ್ತಾರೆ. ವರ್ಷಕ್ಕೆ 65,600 ಆದಾಯ ಇರುವವರಿಗೆ ದೊಡ್ಡ ಸಾಲ ಯಾರು ಕೊಡುತ್ತಾರೆ? ದುಡಿದು ಗಳಿಸಿದ್ದನ್ನು ನಾವೇ ಕಾಗದದ ಮೇಲೆ ಅಳಿಸಿ ಹಾಕಿದಂತಾಗುತ್ತದೆ.

ಒಮ್ಮೆ ಈ ಪದ್ಧತಿ ಹಿಡಿದರೆ ಮುಂದಿನ 5 ವರ್ಷವೂ ಅದರಲ್ಲೇ ಇರಬೇಕು. ನಡುವೆ ಬಿಟ್ಟು ಕನಿಷ್ಠಕ್ಕಿಂತ ಕಮ್ಮಿ ಲಾಭ ತೋರಿಸಿದರೆ ಮತ್ತೆ 5 ವರ್ಷ ಈ ದಾರಿ ಬಂದ್. ಆಗ ಆದಾಯ ತೆರಿಗೆ ಮಿತಿ ದಾಟಿದ್ದರೆ ಪೂರ್ತಿ ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕಾಗುತ್ತದೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಕಲಮುಗಳ ನಂಬರು ಬದಲಾಗಿವೆ, "ತೆರಿಗೆ ವರ್ಷ" ಅನ್ನೋ ಪದ ಬಂದಿದೆ. 2025-26ರ ಗಳಿಕೆಗೆ ಮಾತ್ರ ಹಳೆಯ ಕಾಯ್ದೆಯೇ. ಓದುವಾಗ ಗೊಂದಲ ಬೇಡ.

ಕಿರ್ದಿ (ದಿನದ ಲೆಕ್ಕದ ವಹಿ) ಬರೆಯೋದು

ಬಿಲ್ಲು ತೋರಿಸಬೇಕಿಲ್ಲ ಅಂದರೆ ವಹಿ ಯಾಕೆ ಅನ್ನಬಹುದು. ನಿಜವಾದ ಲಾಭ ನಿಮಗೇ ಗೊತ್ತಾಗಬೇಕಲ್ಲ, ಅದಕ್ಕೆ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಭಾನುವಾರದ ಒಂದು ಪುಟ ಹೀಗಿರಲಿ.

ಬೆಳಿಗ್ಗೆ ಗಲ್ಲಾದಲ್ಲಿ ಚಿಲ್ಲರೆ 500. ಕಟಿಂಗ್ 22, ತಲಾ 100ರಂತೆ 2,200. ದಾಡಿ 9, ತಲಾ 50ರಂತೆ 450. ಒಂದು ಫೇಶಿಯಲ್ 500. ದಿನದ ಜಮಾ 3,150. ಇದರಲ್ಲಿ ಫೋನಿಗೆ ಬಂದದ್ದು 1,900, ನಗದು 1,250. ಖರ್ಚು: ಚಹಾ 60, ಟವೆಲ್ ತೊಳೆಸಿದ್ದು 120. ಮನೆಗೆ ತೆಗೆದದ್ದು 500. ಹಾಗಾದರೆ ರಾತ್ರಿ ಬಾಗಿಲು ಹಾಕುವಾಗ ಗಲ್ಲಾದಲ್ಲಿ 1,070 ಇರಬೇಕು. 970 ಇದ್ದರೆ ಯಾವುದೋ ನೂರು ರೂಪಾಯಿ ಬರೆಯೋದು ತಪ್ಪಿದೆ. ಅವತ್ತೇ ನೆನಪಾಗುತ್ತದೆ, ವಾರ ಬಿಟ್ಟರೆ ಆಗುವುದಿಲ್ಲ.

"ಮನೆಗೆ ತೆಗೆದದ್ದು" ಅನ್ನೋ ಸಾಲು ಬಹಳ ಮುಖ್ಯ. ಅದು ಅಂಗಡಿಯ ಖರ್ಚಲ್ಲ. ನಿಮ್ಮ ಲಾಭದಿಂದ ನೀವು ತೆಗೆದುಕೊಂಡದ್ದು. ಮಾಲೀಕ ತನಗೆ ತಾನೇ ಪಗಾರ ಬರೆದುಕೊಂಡು ಖರ್ಚಿಗೆ ಹಾಕುವ ಹಾಗಿಲ್ಲ. ಮನೆಯ ಕಿರಾಣಿ, ಮಕ್ಕಳ ಫೀ, ಎಲ್‌ಐಸಿ ಕಂತು ಯಾವುದೂ ಅಂಗಡಿ ಖರ್ಚಿನಲ್ಲಿ ಬರಬಾರದು. ತಪ್ಪಿಗಾಗಿ ಕಟ್ಟಿದ ದಂಡವೂ ಬರುವುದಿಲ್ಲ. "ಮುಂದಿನ ವಾರ ಕೊಡ್ತೀನಿ" ಅಂತ ಹೋಗುವ ಕಾಕಾನ ಉದ್ರಿಯನ್ನು ಹಿಂದಿನ ಪುಟದಲ್ಲಿ ಬೇರೆ ಬರೆಯಿರಿ. ರೊಕ್ಕ ಕೈಗೆ ಬಂದ ದಿನ ಜಮಾಕ್ಕೆ ಏರಿಸಿ.

ಮನೆಯಲ್ಲೇ ಪಾರ್ಲರ್ ಇಟ್ಟ ಅಕ್ಕಂದಿರಿಗೆ ಒಂದು ಮಾತು. ಕರೆಂಟ್ ಬಿಲ್ಲಿನಲ್ಲಿ ಆ ಕೋಣೆಯ ಪಾಲು ಎಷ್ಟೋ ಅಷ್ಟೇ ಖರ್ಚು. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬಂದಿದ್ದರೆ ಖರ್ಚು ಅಂತ ಬರೆಯಲು ಏನೂ ಇಲ್ಲ. ಅಂದಹಾಗೆ ಗೃಹಜ್ಯೋತಿ ಮನೆ ಬಳಕೆಯ ಮೀಟರಿಗೆ ಮಾತ್ರ, ಅಂಗಡಿಗೆ ಸಿಗುವುದಿಲ್ಲ.

ಕುರ್ಚಿ, ಕನ್ನಡಿಯಂಥ ದೊಡ್ಡ ಸಾಮಾನನ್ನು ಒಂದೇ ವರ್ಷದ ಖರ್ಚಿಗೆ ಹಾಕಬೇಡಿ. ಸವಕಳಿ ಅಂತ ವರ್ಷವರ್ಷ ಸ್ವಲ್ಪ ಸ್ವಲ್ಪ ಕಳೆಯಬೇಕು. ಪೀಠೋಪಕರಣಕ್ಕೆ ಶೇ 10, ಯಂತ್ರಗಳಿಗೆ ಶೇ 15. 18,000ದ ಕುರ್ಚಿಗೆ ಮೊದಲ ವರ್ಷ 1,800, ಎರಡನೇ ವರ್ಷ ಉಳಿದ 16,200ರ ಮೇಲೆ 1,620. ಆ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಅರ್ಧ ಮಾತ್ರ. 44ಎಡಿಯಲ್ಲಿ ಸವಕಳಿಯನ್ನು ಬೇರೆಯಾಗಿ ಕೇಳುವಂತಿಲ್ಲ. ಆದರೂ ನಿಮ್ಮ ಲೆಕ್ಕದಲ್ಲಿ ಇರಲಿ. ಕುರ್ಚಿ ಹಳೆಯದಾದಾಗ ಹೊಸದಕ್ಕೆ ರೊಕ್ಕ ಬೇಕಲ್ಲ!

ಶ್ರಾವಣ

ಇದು ಪುಸ್ತಕದಲ್ಲಿ ಸಿಗುವುದಿಲ್ಲ, ಆದರೆ ನಮ್ಮ ಕಡೆ ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಕೈ ಸುಡುತ್ತದೆ. ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಗಂಡಸರು ಕಟಿಂಗ್, ದಾಡಿ ಮಾಡಿಸುವುದಿಲ್ಲ. ಅಮಾವಾಸ್ಯೆಗೂ ಹಾಗೇ. ಗಿರಾಕಿ ಕಮ್ಮಿ ಅಂತ ಬಾಡಿಗೆ, ಪಗಾರ ಕಮ್ಮಿ ಆಗುವುದಿಲ್ಲ. ಮೇಲಿನ ಲೆಕ್ಕದಂತೆ ಬಾಡಿಗೆ ಮತ್ತು ಪಗಾರವೇ 20,000. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಹೊತ್ತಿನಲ್ಲಿ, ಮದುವೆ ಸೀಜನ್ನಿನಲ್ಲಿ ಕೈ ತುಂಬ ಕೆಲಸ ಇದ್ದಾಗಲೇ ಈ 20,000 ಬೇರೆ ಖಾತೆಗೆ ಎತ್ತಿಡಿ. ಆಗ ಶ್ರಾವಣದಲ್ಲಿ ಬಡ್ಡಿಗೆ ಕೈಗಡ ಮಾಡುವುದು ತಪ್ಪುತ್ತದೆ.

ಜಿಎಸ್‌ಟಿ ಯಾವಾಗ?

ನಮ್ಮದು ಸೇವೆ. ಹಾಗಾಗಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಅಂಗಡಿಯಲ್ಲಿ ನಾಲ್ಕು ಬಾಟಲಿ ಎಣ್ಣೆ ಮಾರುತ್ತೇವೆ ಅಂತ ನಾವು ಆ ಸಾಲಿಗೆ ಸೇರುವುದಿಲ್ಲ. 20 ಲಕ್ಷ ಅಂದರೆ ತಿಂಗಳಿಗೆ ಸುಮಾರು 1,66,000. ನಮ್ಮ ಉದಾಹರಣೆಯ ಅಂಗಡಿ ಅದರ ಅರ್ಧದಲ್ಲೂ ಇಲ್ಲ. ಮದುಮಗಳ ಮೇಕಪ್ ಮಾಡುವವರು, ಎರಡು ಮೂರು ಶಾಖೆ ಇರುವವರು ಎಚ್ಚರ ವಹಿಸಬೇಕು. ಒಂದೇ ಪ್ಯಾನ್ ನಂಬರಿನ ಕೆಳಗೆ ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಅಂಗಡಿ ಇದ್ದರೂ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಮಿತಿ ದಾಟಿದರೆ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು.

2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ವಾಪಸ್ ಹೊಂದಿಸಿಕೊಳ್ಳಲು ಬರುವುದಿಲ್ಲ, ಅದು ನಿಮ್ಮ ಖರ್ಚಿಗೇ ಸೇರುತ್ತದೆ. 50 ಲಕ್ಷದವರೆಗಿನ ಸೇವೆಯವರಿಗೆ ಕಾಂಪೊಸಿಷನ್ ಅಂತ, ವಹಿವಾಟಿನ ಮೇಲೆ ಶೇ 6 ಕಟ್ಟುವ ಇನ್ನೊಂದು ಪದ್ಧತಿ ಇದೆ. ಹಳೆಯ ನೋಟ್ಸ್‌ಗಳಲ್ಲಿ ಅದೇ ಲಾಭ ಅಂತ ಬರೆದಿರುತ್ತದೆ. ಈಗ ಲೆಕ್ಕ ತಿರುಗಿದೆ. ಶೇ 5ನ್ನು ಬಿಲ್ಲಿನಲ್ಲಿ ಹಾಕಿ ಗಿರಾಕಿಯಿಂದ ಪಡೆಯಬಹುದು, ಕಾಂಪೊಸಿಷನ್ನಿನ ಶೇ 6ನ್ನು ನಮ್ಮ ಕೈಯಿಂದಲೇ ಕಟ್ಟಬೇಕು.

ಯುಪಿಐ ತೆಗೆದು ಹಾಕುವುದರಿಂದ ಪ್ರಯೋಜನವಿಲ್ಲ. ನಗದಾಗಿ ಬಂದರೂ ಅದು ವಹಿವಾಟೇ, ಮೇಲಾಗಿ ಶೇ 6ರ ಬದಲು ಶೇ 8 ಹಿಡಿಯಬೇಕಾಗುತ್ತದೆ. ಮಾಡಬೇಕಾದ ಕೆಲಸ ಬೇರೆ ಇದೆ. ಅಂಗಡಿಯ ಕ್ಯೂಆರ್ ಅಂಗಡಿಯ ಖಾತೆಗೆ ಮಾತ್ರ ಜೋಡಿಸಿ. ಭಿಶಿ (ಚೀಟಿ) ರೊಕ್ಕ, ತಮ್ಮ ಕಳಿಸಿದ ಕೈಗಡ, ಹೊಲದ ಲಾವಣಿ (ಗುತ್ತಿಗೆ) ರೊಕ್ಕ ಎಲ್ಲ ಒಂದೇ ಖಾತೆಗೆ ಬಂದರೆ ನೋಡುವವರಿಗೆ ಅಷ್ಟೂ ಕಟಿಂಗ್ ರೊಕ್ಕವಾಗೇ ಕಾಣುತ್ತದೆ. ಯಾವುದು ಅಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಉಳಿದ ಸಣ್ಣಪುಟ್ಟವು

ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಎರಡೂ ಬೇಕು. ಎರಡರ ಫೀಯೂ ಅಂಗಡಿ ಖರ್ಚು. ವೃತ್ತಿ ತೆರಿಗೆ ರಾಜ್ಯದ್ದು, ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ ಅಂತ ಸಂವಿಧಾನವೇ ಹೇಳಿದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಪೂರ್ತಿ ಲೆಕ್ಕಪುಸ್ತಕದ ಪದ್ಧತಿಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಆದ್ದರಿಂದ ದೊಡ್ಡ ಖರೀದಿಗೆ ಫೋನಿನಲ್ಲೇ ಕಳಿಸಿ. ಲಾಭ 12 ಲಕ್ಷ ದಾಟಿ ತೆರಿಗೆ 10,000ಕ್ಕೆ ಮುಟ್ಟುವಂತಿದ್ದರೆ 44ಎಡಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು.

ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಇದೆ. ಸಲಕರಣೆಗೆ 15,000 ರೂಪಾಯಿ ನೆರವು, ಮೊದಲ ಹಂತದಲ್ಲಿ 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ 5 ಬಡ್ಡಿಯ ಸಾಲ ಸಿಗುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ನೆರವಿನಿಂದ ಬಂದ ಸಲಕರಣೆಯನ್ನು ನಿಮ್ಮ ಖರ್ಚು ಅಂತ ಬರೆಯಬೇಡಿ. ಸಾಲದ ಕಂತು ಕಟ್ಟಿದಾಗ ಕಿರ್ದಿಯಲ್ಲಿ ಎರಡು ಸಾಲು ಮಾಡಿ: ಬಡ್ಡಿ ಖರ್ಚಿನ ಕಡೆ, ಅಸಲು ಸಾಲದ ಖಾತೆಗೆ. ಬ್ಯಾಂಕಿನವರನ್ನು ಕೇಳಿದರೆ ಯಾವ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅನ್ನೋ ಪಟ್ಟಿ ಕೊಡುತ್ತಾರೆ. ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿಕೊಳ್ಳಿ.