ಹಿಪ್-ಶೋಲ್ಡರ್ ಸೆಪರೇಷನ್: ಪಿಚರ್‌ಗೆ ವೇಗ ಬರುವುದು ಎಲ್ಲಿಂದ?

ಹಿಪ್-ಶೋಲ್ಡರ್ ಸೆಪರೇಷನ್ ಅನ್ನುವುದು ಬೇಸ್‌ಬಾಲ್ ಕೋಚ್‌ಗಳ ಬಾಯಲ್ಲಿ ದಿನಾ ಕೇಳಿಬರುವ ಮಾತು. ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನ ಮುಂದಿನ ಕಾಲು ನೆಲಕ್ಕೆ ಊರುವ ಹೊತ್ತಿಗೆ ಅವನ ಸೊಂಟ ಆಗಲೇ ಬ್ಯಾಟರ್ ಕಡೆಗೆ ತಿರುಗಲು ಶುರುಮಾಡಿರುತ್ತದೆ. ಭುಜಗಳು ಮಾತ್ರ ಇನ್ನೂ ಪಕ್ಕಕ್ಕೇ ಇರುತ್ತವೆ. ಆ ಗಳಿಗೆಯಲ್ಲಿ ಸೊಂಟಕ್ಕೂ ಭುಜಕ್ಕೂ ನಡುವೆ ಏರ್ಪಡುವ ಕೋನವೇ ಹಿಪ್-ಶೋಲ್ಡರ್ ಸೆಪರೇಷನ್. ಒಳ್ಳೆಯ ಪಿಚರ್‌ಗಳಲ್ಲಿ ಇದು ಸುಮಾರು 40ರಿಂದ 60 ಡಿಗ್ರಿ ಇರುತ್ತದೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ವೇಗ ಅಂದ ತಕ್ಷಣ ರನ್-ಅಪ್ ನೆನಪಾಗುತ್ತದೆ, ಅಲ್ವಾ? ಪಿಚರ್‌ಗೆ ಅದಿಲ್ಲ. ಮೌಂಡ್ ಎಂಬ 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ, ರಬ್ಬರ್ ಪಟ್ಟಿಗೆ ಪಾದ ತಾಗಿಸಿ ನಿಂತು, ಒಂದೇ ಹೆಜ್ಜೆಯಲ್ಲಿ ಎಸೆಯಬೇಕು. ಆದರೂ 2010ರ ಸೆಪ್ಟೆಂಬರ್ 24ರಂದು ಸ್ಯಾನ್ ಡಿಯಾಗೋದಲ್ಲಿ ಅರೋಲ್ಡಿಸ್ ಚಾಪ್‌ಮನ್ ಎಂಬ ಪಿಚರ್ ಎಸೆದ ಒಂದು ಚೆಂಡು ಗಂಟೆಗೆ 105.8 ಮೈಲಿ ವೇಗದಲ್ಲಿ ಹೋಯಿತು. ಅಂದರೆ 170 ಕಿಲೋಮೀಟರ್‌ಗೂ ಜಾಸ್ತಿ. ಪಿಚರ್ ಮೊಣಕೈ ಮಡಿಸಿ ಎಸೆಯಬಹುದು, ಅದರ ಲಾಭ ಅವನಿಗಿದೆ, ನಿಜ. ಆದರೆ ಬರೀ ತೋಳಿನ ಬಲದಿಂದ ಇಷ್ಟು ವೇಗ ಬರುವುದಿಲ್ಲ. ಅನುಮಾನ ಇದ್ದರೆ ನೆಲದ ಮೇಲೆ ಕಾಲು ಚಾಚಿ ಕೂತು ಒಂದು ಚೆಂಡು ಎಸೆದು ನೋಡಿ.

ಹಾಗಾದರೆ ಈ ಕೋನದಿಂದ ಏನಾಗುತ್ತದೆ? ಚಾಟರಬಿಲ್ಲಿನ ರಬ್ಬರ್ ಎಳೆಯುವುದನ್ನು ನೆನಪಿಸಿಕೊಳ್ಳಿ. ಒಂದು ತುದಿ ಮುಂದೆ ಗಟ್ಟಿಯಾಗಿ ನಿಂತಿರಬೇಕು, ಇನ್ನೊಂದು ತುದಿಯನ್ನು ಹಿಂದಕ್ಕೆ ಎಳೆಯಬೇಕು. ಸೊಂಟ ಮುಂದೆ ಹೋಗಿ ಭುಜ ಹಿಂದೆ ಉಳಿದಾಗ ಹೊಟ್ಟೆಯ ಮತ್ತು ಪಕ್ಕೆಯ ಸ್ನಾಯುಗಳು ಹಾಗೆ ಎಳೆದುಕೊಳ್ಳುತ್ತವೆ. ಆಮೇಲೆ ಅವು ಎದೆಯನ್ನು ರಭಸವಾಗಿ ಮುಂದಕ್ಕೆ ತರುತ್ತವೆ. ಎದೆಯ ಹಿಂದೆ ತೋಳು, ತೋಳಿನ ಹಿಂದೆ ಮುಂಗೈ, ಕೊನೆಗೆ ಬೆರಳು. ಸೊಂಟ ಸೆಕೆಂಡಿಗೆ ಸುಮಾರು 600 ಡಿಗ್ರಿ ವೇಗದಲ್ಲಿ ತಿರುಗಿದರೆ, ಎದೆ ಹೆಚ್ಚುಕಡಿಮೆ ಅದರ ಎರಡರಷ್ಟು. ಭುಜದ ಕೀಲಿನಲ್ಲಿ ತೋಳು ತಿರುಗುವ ವೇಗ 7000 ಡಿಗ್ರಿಯ ಆಸುಪಾಸು! ಮನುಷ್ಯನ ದೇಹದಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಕಾಲು ಊರಿದಾಗಿನಿಂದ ಚೆಂಡು ಕೈಬಿಡುವ ತನಕ ಇದೆಲ್ಲ ಮುಗಿಯುವುದು ಸೆಕೆಂಡಿನ ಸುಮಾರು ಏಳನೇ ಒಂದು ಭಾಗದಲ್ಲಿ.

ಮುಂದಿನ ಕಾಲಿನ ಕೆಲಸವನ್ನು ಜನ ಗಮನಿಸುವುದೇ ಕಡಿಮೆ. ಮೈಯೆಲ್ಲ ಮುಂದಕ್ಕೆ ನುಗ್ಗುತ್ತಿರುವಾಗ ಆ ಕಾಲು ಗಟ್ಟಿಯಾಗಿ ತಡೆಯಬೇಕು. ಚೆಂಡು ಬಿಡುವ ಹೊತ್ತಿಗೆ ಮಂಡಿ ನೆಟ್ಟಗಾಗುತ್ತಾ ಬರಬೇಕು. ಮಂಡಿ ಕುಸಿದು ಮುಂದಕ್ಕೆ ಜಾರಿದರೆ ಕಾಲಿನಿಂದ ಬಂದ ಶಕ್ತಿ ಮೇಲೆ ಏರುವುದೇ ಇಲ್ಲ. ಜಾವೆಲಿನ್ ಎಸೆಯುವವರೂ ವೇಗದ ಬೌಲರ್‌ಗಳೂ ಮುಂದಿನ ಕಾಲನ್ನು ಗಟ್ಟಿಯಾಗಿ ಊರುವುದು ಇದೇ ಕಾರಣಕ್ಕೆ.

ಈ ಕೋನವನ್ನು ಕಣ್ಣಾರೆ ನೋಡಬೇಕಾದರೆ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಸಾಕು. ಬಲಗೈ ಪಿಚರ್ ಒಬ್ಬನನ್ನು ತೆಗೆದುಕೊಳ್ಳಿ. ಎಡಪಾದ ಪೂರ್ತಿ ನೆಲಕ್ಕೆ ಊರಿದ ಫ್ರೇಮಿನಲ್ಲಿ ನಿಲ್ಲಿಸಿ. ಬೆಲ್ಟಿನ ಬಕಲ್ ಬ್ಯಾಟರ್ ನಿಲ್ಲುವ ಜಾಗದ, ಅಂದರೆ ಹೋಮ್ ಪ್ಲೇಟ್ ಕಡೆಗೆ ತಿರುಗಲು ಶುರುವಾಗಿರಬೇಕು. ಜರ್ಸಿಯ ಎದೆ ಮೇಲಿನ ಅಕ್ಷರಗಳು ಮಾತ್ರ ಇನ್ನೂ ಪಕ್ಕಕ್ಕೆ, ಪಿಚರ್‌ನ ಬಲಗಡೆ ಇರುವ ಥರ್ಡ್ ಬೇಸ್ ಕಡೆಗೇ ಇರಬೇಕು. ಎರಡೂ ಒಂದೇ ದಿಕ್ಕಿಗೆ ಇದ್ದರೆ ಭುಜ ಬೇಗ ತೆರೆದುಕೊಂಡಿದೆ ಅಂತ ಅರ್ಥ. ಎಳೆದ ರಬ್ಬರ್ ಆಗಲೇ ಕೈತಪ್ಪಿದೆ. ನನ್ನ ಪ್ರಕಾರ ಕೋನ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ. ಕಾಲು ಊರುವ ಮೊದಲೇ ಬಂದು ಹೋದ 60 ಡಿಗ್ರಿಗಿಂತ ಸರಿಯಾದ ಹೊತ್ತಿಗೆ ಬಂದ 45 ಡಿಗ್ರಿ ಎಷ್ಟೋ ಮೇಲು.

ಟಿಮ್ ಲಿನ್ಸೆಕಮ್ ಹೆಸರು ಇಲ್ಲಿ ಹೇಳಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದಲ್ಲಿ ಆಡಿದ್ದ ಈ ಪಿಚರ್‌ನ ಎತ್ತರ 5 ಅಡಿ 11 ಇಂಚು, ಮೈಕಟ್ಟೂ ಸಣ್ಣದು. ಆಳೆತ್ತರದ ಪಿಚರ್‌ಗಳ ನಡುವೆ ಹುಡುಗನ ಹಾಗೆ ಕಾಣುತ್ತಿದ್ದ. ಎಸೆಯುವ ರೀತಿ ಕಲಿಸಿದ್ದು ಅವನ ಅಪ್ಪ. ಬ್ಯಾಟರ್‌ಗೆ ಬೆನ್ನು ಕಾಣುವಷ್ಟು ತಿರುಗಿ, ತನ್ನ ಎತ್ತರಕ್ಕಿಂತ ಉದ್ದದ ಹೆಜ್ಜೆ ಹಾಕಿ, ಸೊಂಟ ತಿರುಗುವಾಗಲೂ ಭುಜವನ್ನು ಹಿಂದೆಯೇ ಹಿಡಿದಿಡುತ್ತಿದ್ದ. 2008 ಮತ್ತು 2009ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಸತತ ಎರಡು ಸಲ ಗೆದ್ದ. ಬರಬರುತ್ತಾ ವೇಗ ಇಳಿಯಿತು. 2015ರಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದು ಎಸೆಯುವ ತೋಳಿಗಲ್ಲ, ಎಡ ಸೊಂಟಕ್ಕೆ. ಬಲಗೈ ಪಿಚರ್‌ನ ಮೈಯೆಲ್ಲ ತಿರುಗುವುದು ಆ ಎಡ ಸೊಂಟದ ಮೇಲೇ.

ಭುಜ ಬೇಗ ತೆರೆದುಕೊಂಡರೆ ವೇಗ ಕಡಿಮೆಯಾಗುವುದಷ್ಟೇ ಅಲ್ಲ. ತೋಳು ಹಿಂದೆ ಉಳಿದು, ಆ ಕೊರತೆ ತುಂಬಲು ಒದ್ದಾಡುತ್ತದೆ. ಮೊಣಕೈಯ ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್ ಮೇಲೆ ಒತ್ತಡ ಏರುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲ ಸಲ ಕಟ್ಟಿಕೊಟ್ಟದ್ದು ಅದೇ ಲಿಗಮೆಂಟನ್ನು. ಆ ಶಸ್ತ್ರಚಿಕಿತ್ಸೆಗೆ ಈಗಲೂ ಟಾಮಿ ಜಾನ್ ಹೆಸರೇ ಇದೆ. ಹಾಗಂತ ಸೆಪರೇಷನ್ ಚೆನ್ನಾಗಿದ್ದರೆ ಮೊಣಕೈ ಸುರಕ್ಷಿತ ಅಂತಲ್ಲ. ವೇಗ ಹೆಚ್ಚಿದಷ್ಟೂ ಒತ್ತಡ ಇದ್ದೇ ಇರುತ್ತದೆ. ವಿಶ್ರಾಂತಿ ಇಲ್ಲದೆ ಎಸೆಯುತ್ತಾ ಹೋದರೆ ಎಸೆಯುವ ಯಾವ ತಂತ್ರವೂ ಕಾಪಾಡುವುದಿಲ್ಲ.

ಮಕ್ಕಳಿಗೆ ಕಲಿಸುವವರು ಒಂದು ವಿಷಯ ಗಮನಿಸಬೇಕು. ಕೋನ ಹೆಚ್ಚಿಸಲು ಭುಜವನ್ನು ಸುಮ್ನೆ ಹಿಂದಕ್ಕೆ ತಿರುಚು ಅಂತ ಹೇಳಬೇಡಿ. ಹಾಗೆ ಮಾಡಿದರೆ ಸೊಂಟವೂ ಅದರ ಜೊತೆ ಹಿಂದಕ್ಕೇ ಹೋಗುತ್ತದೆ, ಕೋನ ಇದ್ದಷ್ಟೇ ಉಳಿಯುತ್ತದೆ. ಮೊದಲು ಬೆನ್ನಿನ ಮೇಲ್ಭಾಗ ಮತ್ತು ಸೊಂಟದ ಕೀಲು ಸಲೀಸಾಗಿ ತಿರುಗುತ್ತವೆಯೇ ನೋಡಿ. ಅಲ್ಲಿ ಬಿಗಿ ಇದ್ದರೆ ಮೊದಲು ಅದನ್ನು ಸಡಿಲಿಸಿ. ಆಮೇಲೆ ಚೆಂಡು ಕೊಡಿ.