ಹೆಸರು ಗೊತ್ತಿಲ್ಲದವರಿಗೂ ನಿಮ್ಮ ವೆಬ್‌ಸೈಟ್ ಸಿಗಬೇಕು

"ನಮ್ಮ ಅಂಗಡಿ ಹೆಸರು ಹಾಕಿ ನೋಡಿ ಸಾರ್, ಗೂಗಲ್‌ನಲ್ಲಿ ನಾವೇ ಫಸ್ಟು." ಮೈಸೂರಿನ ವ್ಯಾಪಾರಿಗಳು ನನಗೆ ಖುಷಿಯಿಂದ ಹೇಳುವ ಮಾತಿದು. ನಿಜ, ಬರುತ್ತದೆ. ಆದರೆ ನಿಮ್ಮ ಹೆಸರನ್ನೇ ಟೈಪ್ ಮಾಡುವವರಿಗೆ ನೀವು ಮೊದಲೇ ಗೊತ್ತು ಅಲ್ವಾ? ಸೈಟ್ ಇಲ್ಲದಿದ್ದರೂ ಅವರು ಫೋನ್ ಮಾಡಿಕೊಂಡು ಬರುತ್ತಾರೆ. ಹುಬ್ಬಳ್ಳಿಯಿಂದ ಮದುವೆ ಸೀರೆಗೆಂದು ಹೊರಟವರು, ದಸರಾಗೆ ರೂಮು ಹುಡುಕುತ್ತಿರುವವರು, ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಮಂಡ್ಯದ ಬೆಲ್ಲ ತರಿಸಬೇಕು ಅಂದುಕೊಂಡವರು, ಇವರ್ಯಾರಿಗೂ ನಿಮ್ಮ ಹೆಸರು ಗೊತ್ತಿಲ್ಲ. ಅವರು ತಮಗೆ ಬೇಕಾದದ್ದನ್ನು ಟೈಪ್ ಮಾಡುತ್ತಾರೆ. ಆಗ ನೀವು ಕಾಣಬೇಕು.

ಅಂಗಡಿಯಲ್ಲೇ ಕೂತು, ನಿಮ್ಮದೇ ಫೋನಿನಲ್ಲಿ ಹುಡುಕಿ ತೀರ್ಮಾನಕ್ಕೆ ಬರಬೇಡಿ. ಹುಡುಕುವವರು ಎಲ್ಲಿದ್ದಾರೆ ಎಂದು ನೋಡಿ ಗೂಗಲ್ ಫಲಿತಾಂಶ ಬದಲಿಸುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಮಗೆ ಕಂಡದ್ದು ಹುಬ್ಬಳ್ಳಿಯಲ್ಲಿ ಕಾಣದೆ ಇರಬಹುದು. ದೂರದ ಊರಿನ ನೆಂಟರಿಗೆ ಹೇಳಿ ಹುಡುಕಿಸಿ. ಆಗ ನಿಜ ಸ್ಥಿತಿ ಸ್ವಲ್ಪ ಗೊತ್ತಾಗುತ್ತದೆ.

ಗೂಗಲ್ ಕೆಲಸ ಮಾಡುವುದು ಮೂರು ಹಂತದಲ್ಲಿ. ಗೂಗಲ್‌ಬಾಟ್ ಎಂಬ ಪ್ರೋಗ್ರಾಂ ಲಿಂಕ್‌ನಿಂದ ಲಿಂಕ್‌ಗೆ ಹೋಗುತ್ತಾ ಪುಟಗಳನ್ನು ಓದುತ್ತದೆ. ಓದಿದ್ದರಲ್ಲಿ ಇಟ್ಟುಕೊಳ್ಳಬೇಕು ಅನಿಸಿದ್ದನ್ನು ತನ್ನ ಇಂಡೆಕ್ಸ್‌ಗೆ, ಅಂದರೆ ಪುಟಗಳ ದೊಡ್ಡ ಪಟ್ಟಿಗೆ, ಸೇರಿಸುತ್ತದೆ. ಯಾರಾದರೂ ಹುಡುಕಿದಾಗ ಆ ಇಂಡೆಕ್ಸ್‌ನಿಂದ ಆರಿಸಿ ಸಾಲಾಗಿ ತೋರಿಸುತ್ತದೆ. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮೂರನೇ ಹಂತದ ಬಗ್ಗೆ. ನನ್ನ ಬಳಿ ಬರುವ ಎಷ್ಟೋ ಸೈಟುಗಳು ಮೊದಲ ಎರಡರಲ್ಲೇ ಮುಗ್ಗರಿಸಿರುತ್ತವೆ.

ಶ್ರೀರಂಗಪಟ್ಟಣದ ಹತ್ತಿರ ಹೋಂಸ್ಟೇ ನಡೆಸುವ ಒಬ್ಬರು ಬಂದಿದ್ದರು. ಸೈಟ್ ಚೆನ್ನಾಗಿತ್ತು. ಹೊಳೆ ದಂಡೆಯ ಫೋಟೋ, ರೂಮಿನ ಬಾಡಿಗೆ, ರಂಗನತಿಟ್ಟಿಗೆ ಹೋಗುವ ದಾರಿ, ಎಲ್ಲ ಇತ್ತು. ಆದರೂ ಹುಡುಕಿದರೆ ಒಂದು ಪುಟವೂ ಬರುತ್ತಿರಲಿಲ್ಲ. ಸೈಟ್ ಮಾಡಿದ್ದು ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ. ಸೆಟ್ಟಿಂಗ್ಸ್‌ಗೆ ಹೋಗಿ ರೀಡಿಂಗ್ ಅನ್ನುವ ಪುಟ ತೆರೆದೆ. ಅದರಲ್ಲಿ ಕೆಳಗೆ ಒಂದು ಚಿಕ್ಕ ಚೌಕ ಇರುತ್ತದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡುವುದು ಬೇಡ ಎಂದು ಹೇಳುವ ಆಯ್ಕೆ ಅದು. ಅದಕ್ಕೆ ಟಿಕ್ ಬಿದ್ದಿತ್ತು. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟ ಹೊರಗೆ ಕಾಣದಿರಲಿ ಎಂದು ಡೆವಲಪರ್‌ಗಳು ಹೀಗೆ ಟಿಕ್ ಹಾಕುತ್ತಾರೆ. ಅದು ಸರಿಯೇ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ಟಿಕ್ ತೆಗೆದು ಸೇವ್ ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಷ್ಟರಲ್ಲಿ ಒಂದಿಡೀ ದಸರಾ ಸೀಸನ್ ಅವರ ಕೈ ತಪ್ಪಿತ್ತು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ನಿಮ್ಮ ಸೈಟ್ ಇಂಡೆಕ್ಸ್‌ನಲ್ಲಿ ಇದೆಯಾ ಎಂದು ನೀವೇ ನೋಡಬಹುದು. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಟೈಪ್ ಮಾಡಿ. ಬಂದ ಪುಟಗಳು ಇಂಡೆಕ್ಸ್‌ನಲ್ಲಿವೆ. ಇದಕ್ಕಿಂತ ಖಚಿತವಾದದ್ದು ಬೇಕಿದ್ದರೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನದೇ ಸಾಧನ ಇದೆ. ದುಡ್ಡು ಕೊಡಬೇಕಿಲ್ಲ. ಒಂದೊಂದು ಪುಟದ ವಿಳಾಸ ಹಾಕಿದರೆ ಅದು ಇಂಡೆಕ್ಸ್ ಆಗಿದೆಯಾ, ಇಲ್ಲದಿದ್ದರೆ ಯಾಕೆ ಎಂದು ತಿಳಿಸುತ್ತದೆ. ಸೈಟ್‌ಮ್ಯಾಪ್, ಅಂದರೆ ಸೈಟಿನ ಪುಟಗಳ ಪಟ್ಟಿ, ಕೊಡುವುದೂ ಅಲ್ಲೇ. ಸೈಟ್ ಇರುವ ಪ್ರತಿ ವ್ಯಾಪಾರಿಯೂ ಇದನ್ನು ತನ್ನ ಸ್ವಂತ ಜಿಮೇಲ್‌ನಿಂದ ತೆರೆದಿಟ್ಟುಕೊಂಡಿರಬೇಕು.

ಕನ್ನಡದ ಸೈಟುಗಳಲ್ಲಿ ಕಾಣುವ ಒಂದು ತೊಂದರೆ ಇದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಹಾಗೇ ಸೈಟಿಗೆ ತಂದು ಹಾಕಿರುತ್ತಾರೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಗೂಗಲ್‌ಬಾಟ್‌ಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ಅಷ್ಟೇ. ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸಿದರೆ ಮಾತ್ರ ಅದು ಕನ್ನಡ. ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಇನ್ನು ಕೆಲವರು ಪ್ರೆಸ್ಸಿನಲ್ಲಿ ಮಾಡಿಸಿದ ಪೋಸ್ಟರನ್ನೇ ಚಿತ್ರವಾಗಿ ಹಾಕಿಬಿಡುತ್ತಾರೆ. ಬೆಲೆ, ವಿಳಾಸ, ವಿವರ ಎಲ್ಲ ಚಿತ್ರದೊಳಗೆ. ಚಿತ್ರದಲ್ಲಿ ಬರೆದದ್ದನ್ನು ಗೂಗಲ್ ಓದಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಪುಟದಲ್ಲಿ ಅಕ್ಷರವಾಗಿಯೇ ಬರೆಯಿರಿ.

ಇಷ್ಟು ಸರಿಯಾದ ಮೇಲೆ ನಿಜವಾದ ಕೆಲಸ ಶುರು. ಏನು ಬರೆಯಬೇಕು?

ನಾನು ಹೇಳುವುದು ಒಂದೇ. ಫೋನಿನಲ್ಲಿ ಗಿರಾಕಿಗಳಿಗೆ ದಿನಾ ಏನು ಉತ್ತರ ಕೊಡುತ್ತೀರೋ ಅದನ್ನು ಬರೆಯಿರಿ. ಮಂಡ್ಯದ ಕಡೆ ಬೆಲ್ಲ ಮಾಡಿ ಮಾರುವ ಒಂದು ಮನೆಯವರ ಸೈಟಿನಲ್ಲಿ ಮೊದಲು ಇದ್ದದ್ದು ಇಷ್ಟು: ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ. ಒಳ್ಳೆಯ ಮಾತೇ. ಆದರೆ ಯಾರೂ ಅದನ್ನು ಟೈಪ್ ಮಾಡಿ ಹುಡುಕುವುದಿಲ್ಲ. ಒಂದು ಬೆಳಿಗ್ಗೆ ಅವರ ಆಲೆಮನೆಯಲ್ಲೇ ಕೂತೆ. ಫೋನ್ ಬರುತ್ತಲೇ ಇತ್ತು. "ಅಣ್ಣಾ, ಕೆಮಿಕಲ್ ಹಾಕ್ತೀರಾ?" "ನಿಮ್ ಬೆಲ್ಲ ಯಾಕೆ ಇಷ್ಟು ಕಪ್ಪಗಿದೆ?" "ಮಳೆಗಾಲದಲ್ಲಿ ನೀರು ಬಿಟ್ಕೊಳ್ಳಲ್ವಾ?" "ಸಕ್ಕರೆ ಬದಲು ಕಾಫಿಗೆ ಹಾಕಿದ್ರೆ ಹಾಲು ಒಡೆಯುತ್ತಾ?" "ಬೆಂಗಳೂರಿಗೆ ಐದು ಕೆಜಿ ಕಳಿಸ್ತೀರಾ?" ಮನೆಯ ಯಜಮಾನರು ಒಂದೊಂದಕ್ಕೂ ನಿಧಾನವಾಗಿ, ಬಿಡಿಸಿ ಉತ್ತರ ಕೊಡುತ್ತಿದ್ದರು. ಹೈಡ್ರೋಸ್ ಎಂಬ ಕೆಮಿಕಲ್ ಹಾಕಿದರೆ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ, ನಾವು ಹಾಕಲ್ಲ, ಅದಕ್ಕೇ ಬಣ್ಣ ಗಾಢ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಮುಚ್ಚಳ ಬಿಗಿ ಇರುವ ಡಬ್ಬದಲ್ಲಿಡಿ. ಕಾಫಿಗಾದರೆ ಹಾಲು ಸ್ವಲ್ಪ ಆರಿದ ಮೇಲೆ ಹಾಕಿ.

ಈ ಉತ್ತರಗಳಿಗೆ ಬೆಲೆ ಕಟ್ಟಲು ಆಗುವುದಿಲ್ಲ. ಬೆಲ್ಲ ಕುದಿಸಿದವರಿಗೆ ಮಾತ್ರ ಗೊತ್ತಿರುವ ವಿಷಯ ಅದರಲ್ಲಿದೆ. ಬೇರೆ ಸೈಟಿನಿಂದ ನಕಲು ಮಾಡಿದ ಪ್ಯಾರಾದಲ್ಲಿ ಇದು ಸಿಗುವುದಿಲ್ಲ. ಪ್ರಶ್ನೆಗಳನ್ನು ನಾನು ಗಿರಾಕಿಗಳು ಕೇಳಿದ ಮಾತಿನಲ್ಲೇ ಬರೆದುಕೊಂಡೆ. ಅಚ್ಚು ಬೆಲ್ಲಕ್ಕೆ ಒಂದು ಪುಟ, ಪುಡಿ ಬೆಲ್ಲಕ್ಕೆ ಒಂದು, ಬಣ್ಣದ ಬಗ್ಗೆ ಒಂದು, ಇಟ್ಟುಕೊಳ್ಳುವ ಬಗ್ಗೆ ಒಂದು, ಕಳಿಸುವ ಖರ್ಚಿನ ಬಗ್ಗೆ ಒಂದು. ಪ್ರಶ್ನೆ ಮೇಲೆ, ಉತ್ತರ ಅದರ ಕೆಳಗೇ, ಆಮೇಲೆ ಆ ಮನೆಯವರೇ ಮೊಬೈಲಿನಲ್ಲಿ ತೆಗೆದ ಕೊಪ್ಪರಿಗೆಯ ಫೋಟೋ. ಕೆಲವು ತಿಂಗಳಲ್ಲಿ ಸೈಟಿಗೆ ಜಾಸ್ತಿ ಜನರನ್ನು ತಂದದ್ದು ಬೆಲ್ಲದ ಬಣ್ಣದ ಪುಟ. ಅಲ್ಲಿಂದ ಬಂದವರು ಆರ್ಡರನ್ನೂ ಕೊಟ್ಟರು. ಯಾಕೆ ಕಪ್ಪು ಎಂದು ಕೇಳುವವರಿಗೆ ಕೆಮಿಕಲ್ ಇಲ್ಲದ ಬೆಲ್ಲವೇ ಬೇಕಾಗಿರುತ್ತದೆ.

ಪುಟಕ್ಕೆ ಕೊಡುವ ಟೈಟಲ್ ಬಹಳ ಮುಖ್ಯ. ಗೂಗಲ್‌ನಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸಾಲು ಸಾಮಾನ್ಯವಾಗಿ ಅದರಿಂದಲೇ ಬರುತ್ತದೆ. ಎಷ್ಟೋ ಸೈಟುಗಳಲ್ಲಿ ಆ ಜಾಗದಲ್ಲಿ ಸುಮ್ನೆ ಹೋಮ್ ಎಂದಿರುತ್ತದೆ. ಪ್ರತಿ ಪುಟಕ್ಕೂ ಬೇರೆ ಟೈಟಲ್ ಕೊಡಿ, ಒಳಗೆ ಏನಿದೆಯೋ ಅದನ್ನೇ ಹೇಳಿ. ಅದರ ಕೆಳಗೆ ಕಾಣುವ ಎರಡು ಸಾಲಿನ ವಿವರಣೆಯಿಂದ ಸ್ಥಾನ ಮೇಲೇರುವುದಿಲ್ಲ, ಆದರೆ ಓದಿದವರು ಒತ್ತುತ್ತಾರೋ ಬಿಡುತ್ತಾರೋ ಅನ್ನುವುದು ಅದರ ಮೇಲೂ ನಿಂತಿದೆ. ಕೀವರ್ಡ್ಸ್ ಮೆಟಾ ಟ್ಯಾಗ್, ಅಂದರೆ ಪುಟದ ಕೋಡಿನಲ್ಲಿ ಅಡಗಿರುವ ಪದಗಳ ಪಟ್ಟಿ, ತುಂಬಿಸುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸ್ಥಾನ ನಿರ್ಧರಿಸಲು ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ನಮ್ಮ ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ ಮೈಸೂರು ಆಯಿತು. ಹೊರಗಿನವರು ಇನ್ನೂ ಮೈಸೋರ್ ಎಂದೇ ಟೈಪ್ ಮಾಡುತ್ತಾರೆ. ಎರಡೂ ಒಂದೇ ಊರು ಎಂದು ಗೂಗಲ್‌ಗೆ ಗೊತ್ತು. ಹಾಗಾಗಿ ಇಂಗ್ಲಿಷ್ ಪುಟದಲ್ಲಿ ಎರಡನ್ನೂ ಸಹಜವಾಗಿ ಬರುವ ಕಡೆ ಬಳಸಿದರೆ ಸಾಕು, ಸಾಲು ಸಾಲಿಗೂ ತುರುಕಬೇಕಿಲ್ಲ. ಕನ್ನಡಕ್ಕೆ ಬೇರೆಯೇ ಪುಟ, ಬೇರೆಯೇ ವಿಳಾಸ ಇರಲಿ. ಬಟನ್ ಒತ್ತಿದಾಗ ಅನುವಾದ ಮಾಡಿ ತೋರಿಸುವ ವಿಜೆಟ್ ಹಾಕಿದರೆ ಗೂಗಲ್‌ಗೆ ಕನ್ನಡದ ಪುಟ ಸಿಗುವುದಿಲ್ಲ. ಈಗ ಜನ ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾರೆ. ಕನ್ನಡದಲ್ಲಿ ಒಳ್ಳೆಯ ಉತ್ತರ ಬರೆದಿಟ್ಟವರು ಕಡಿಮೆ. ಅಲ್ಲಿ ಸ್ಪರ್ಧೆಯೂ ಕಡಿಮೆ.

ವೇಗದ ಬಗ್ಗೆ ಒಂದೆರಡು ಮಾತು. ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ಓದಿ ಇಂಡೆಕ್ಸ್ ಮಾಡುತ್ತದೆ. ಪುಟದಲ್ಲಿ ಕಾಣುವ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಬರಬೇಕು ಅನ್ನುವುದು ಅದರ ಅಳತೆ. ಸಣ್ಣ ವ್ಯಾಪಾರಿಗಳ ಸೈಟ್ ನಿಧಾನವಾಗಲು ಹೆಚ್ಚಾಗಿ ಕಾರಣ ಕ್ಯಾಮೆರಾದಿಂದ ಹಾಗೇ ತಂದು ಹಾಕಿದ ದೊಡ್ಡ ಫೋಟೋಗಳು. ಅವನ್ನು ಚಿಕ್ಕದು ಮಾಡಿ ಹಾಕಿ, ಅರ್ಧ ಕೆಲಸ ಮುಗಿಯುತ್ತದೆ.

ಅಂಗಡಿಗೆ ಕಾಲಿಟ್ಟು ಬರುವ ಗಿರಾಕಿಗಳು ಬೇಕಿದ್ದರೆ ಸೈಟಿನಷ್ಟೇ ಮುಖ್ಯವಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪಿನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರ. ಅಲ್ಲಿ ಗೂಗಲ್ ನೋಡುವುದು ಮೂರನ್ನು: ಹುಡುಕಿದ್ದಕ್ಕೂ ನಿಮಗೂ ಸಂಬಂಧ ಇದೆಯಾ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರು ಮಾಡಿದ್ದೀರಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡು ಇದೆ. ವಿಭಾಗ ಸರಿಯಾಗಿ ಆರಿಸಿ. ವಾರದ ರಜೆ ಯಾವತ್ತು, ದಸರಾ ಸಮಯದಲ್ಲಿ ಅಂಗಡಿ ತೆರೆದಿರುವ ಹೊತ್ತು, ಎಲ್ಲ ಹಾಕಿ. ಸರಸ್ವತಿಪುರಂನಿಂದ ಆಟೋ ಮಾಡಿಕೊಂಡು ಬಂದವರಿಗೆ ಬಾಗಿಲು ಹಾಕಿರುವುದು ಕಂಡರೆ ಅವರು ಮತ್ತೆ ಬರುವುದಿಲ್ಲ. ಬೋರ್ಡಿನಲ್ಲಿ ಇರುವ ಹೆಸರನ್ನೇ ಕೊಡಿ. ಹೆಸರಿನ ಜೊತೆ ಬೆಸ್ಟ್ ಸಿಲ್ಕ್ ಸ್ಯಾರಿ ಶಾಪ್ ಎಂದೆಲ್ಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನೇ ನಿಲ್ಲಿಸಬಹುದು. ರಿವ್ಯೂಗೆ ಡಿಸ್ಕೌಂಟ್ ಕೊಡುವುದೂ ಹಾಗೇ. ಸಂತೋಷವಾಗಿ ಹೊರಟವರನ್ನು ಬಾಯಿಬಿಟ್ಟು ಕೇಳಿ, ಬರೆಯುತ್ತಾರೆ. ಬೈದು ಬರೆದವರಿಗೂ ಮರ್ಯಾದೆಯಿಂದ ಉತ್ತರ ಕೊಡಿ. ಅದನ್ನು ಮುಂದಿನ ಗಿರಾಕಿಗಳು ಓದುತ್ತಾರೆ.

ಲಿಂಕ್‌ಗಳ ವಿಷಯದಲ್ಲಿ ಮೋಸ ಜಾಸ್ತಿ. ಬೇರೆ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಲಿಂಕ್, ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿಯವರು 'ಎಲೆ ಬೇಕಾದ್ರೆ ಆ ಅಂಗಡೀಲಿ ಚೆನ್ನಾಗಿರುತ್ತೆ' ಎಂದು ಕೈ ತೋರಿಸಿದ ಹಾಗೆ. 1998ರಲ್ಲಿ ಗೂಗಲ್ ಶುರುವಾದಾಗಿನಿಂದ ಅದಕ್ಕೆ ಬೆಲೆ ಇದೆ. ಬೆಲೆ ಇದೆ ಎಂದ ಕೂಡಲೇ ಮಾರುವವರೂ ಹುಟ್ಟಿಕೊಂಡರು. ಸಾವಿರ ಲಿಂಕ್‌ಗೆ ಇಷ್ಟು ಎಂದು ಇಂದಿಗೂ ಮೇಲ್ ಬರುತ್ತದೆ. ಇಂಥ ಲಿಂಕ್‌ಗಳನ್ನೂ ಹಿಡಿಯಲು ಗೂಗಲ್ 2012ರಲ್ಲಿ ಸ್ಥಾನ ನಿರ್ಧರಿಸುವ ತನ್ನ ಲೆಕ್ಕದಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಆಮೇಲೆ ಕೊಂಡ ಲಿಂಕ್‌ಗಳಿಂದ ಕೆಳಗಿಳಿದ ಸೈಟುಗಳು ಬೇಕಾದಷ್ಟಿವೆ. ದಯವಿಟ್ಟು ಕೊಳ್ಳಬೇಡಿ. ನಿಮ್ಮಿಂದ ಅಗರಬತ್ತಿ ಕೊಳ್ಳುವ ಅಂಗಡಿ, ನಿಮ್ಮ ಹೋಂಸ್ಟೇಗೆ ಜನರನ್ನು ಕಳಿಸುವ ಟ್ರಾವೆಲ್ಸ್, ನೀವು ಸದಸ್ಯರಾಗಿರುವ ವರ್ತಕರ ಸಂಘ, ಇವರ ಸೈಟಿನಲ್ಲಿ ನಿಮ್ಮ ಲಿಂಕ್ ಹಾಕಿಸಿ. ನಾಲ್ಕೇ ಇರಲಿ, ನಿಜವಾದದ್ದಿರಲಿ.

ಮೊದಲನೇ ಸ್ಥಾನ ಗ್ಯಾರಂಟಿ ಎಂದವರನ್ನು ನಂಬಬೇಡಿ. ಆ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಬರೆದಿದೆ. ಮಾಡಿದ ಬದಲಾವಣೆ ಫಲ ಕೊಡಲು ಕೆಲವಕ್ಕೆ ಗಂಟೆಗಳು, ಕೆಲವಕ್ಕೆ ತಿಂಗಳುಗಳು ಬೇಕು. ಹಾಗಾಗಿ ದಸರಾ ಪುಟವನ್ನು ದಸರಾ ಹತ್ತಿರ ಬಂದಾಗ ಹಾಕಿದರೆ ತಡವಾಯಿತು. ಜೂನ್, ಜುಲೈನಲ್ಲೇ ಸಿದ್ಧ ಮಾಡಿ. ಪ್ರತಿ ವರ್ಷ ಹೊಸ ಪುಟ ಮಾಡಬೇಡಿ. ವಿಳಾಸದಲ್ಲಿ ಇಸವಿ ಹಾಕದೆ ಒಂದೇ ಪುಟ ಇಟ್ಟುಕೊಂಡು, ಒಳಗಿನ ದಿನಾಂಕ, ಬೆಲೆ ಬದಲಿಸಿ. ಹೋದ ವರ್ಷ ಸಿಕ್ಕ ಲಿಂಕ್‌ಗಳು ಆಗ ಈ ವರ್ಷಕ್ಕೂ ದಕ್ಕುತ್ತವೆ.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ತೆರೆದು, ಜನ ಏನು ಟೈಪ್ ಮಾಡಿ ನಿಮ್ಮನ್ನು ಕಂಡರು ಅನ್ನುವ ಪಟ್ಟಿ ನೋಡಿ. 16 ತಿಂಗಳ ಮಾಹಿತಿ ಅಲ್ಲಿರುತ್ತದೆ. ತುಂಬಾ ಸಲ ಮೇಲಿನ ಸಾಲಿನಲ್ಲೇ ಕಂಡರೂ ಯಾರೂ ಒತ್ತಿಲ್ಲವಾ? ಟೈಟಲ್ ಬದಲಿಸಿ. ಹತ್ತು, ಹದಿನೈದನೇ ಸ್ಥಾನದಲ್ಲಿ ನಿಂತಿದೆಯಾ? ಆ ಪುಟದ ಉತ್ತರವನ್ನು ಇನ್ನಷ್ಟು ಬಿಡಿಸಿ ಬರೆಯಿರಿ. 2024ರಿಂದ ಭಾರತದಲ್ಲೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಎಐ ಉತ್ತರವನ್ನು ಮೇಲೆಯೇ ತೋರಿಸುತ್ತಿದೆ. ಅದನ್ನು ಓದಿ ಸೈಟಿಗೆ ಬಾರದೆ ಹೋಗುವವರೂ ಇರುತ್ತಾರೆ. ಆದ್ದರಿಂದ ಬಂದವರ ಸಂಖ್ಯೆಯ ಜೊತೆಗೆ ಫೋನ್ ಎಷ್ಟು ಬಂತು, ಆರ್ಡರ್ ಎಷ್ಟಾಯಿತು ಎಂದೂ ಬರೆದಿಡಿ.

ಹೊಸ ಸೈಟ್ ಮಾಡಿಸುವ ಯೋಚನೆ ಇದ್ದರೆ ಹಳೆಯ ಪುಟಗಳ ವಿಳಾಸದ ಪಟ್ಟಿ ಮೊದಲು ತೆಗೆದಿಡಿ. ಪ್ರತಿ ಹಳೆಯ ವಿಳಾಸದಿಂದ ಅದರ ಹೊಸ ವಿಳಾಸಕ್ಕೆ 301 ರೀಡೈರೆಕ್ಟ್, ಅಂದರೆ ಬಂದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ವ್ಯವಸ್ಥೆ, ಹಾಕಲು ಡೆವಲಪರ್‌ಗೆ ಬರವಣಿಗೆಯಲ್ಲಿ ಹೇಳಿ. ಇಲ್ಲದಿದ್ದರೆ ವರ್ಷಗಟ್ಟಲೆ ಗಳಿಸಿದ್ದು ಒಂದೇ ದಿನಕ್ಕೆ ಹೋಗುತ್ತದೆ. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ನಿಮ್ಮ ಹೆಸರಿನಲ್ಲೇ ಇದೆಯಾ, ಅದರ ಪಾಸ್‌ವರ್ಡ್ ನಿಮ್ಮ ಹತ್ತಿರ ಇದೆಯಾ ಎಂಬುದನ್ನು ಇವತ್ತೇ ನೋಡಿಕೊಳ್ಳಿ.