ಸ್ಟಾರ್ಟರ್ ಒಳಗೆ ಬಾಗುವ ಪಟ್ಟಿ

ಹೋದ ಬೇಸಿಗೆಯಲ್ಲಿ ರೈತರೊಬ್ಬರು ಸುಟ್ಟುಹೋದ ಪಂಪಿನ ಮೋಟರನ್ನು ವೈಂಡಿಂಗ್‌ಗೆ ತಂದರು. ಜೊತೆಗೆ ಮೋಟರನ್ನು ಆನ್-ಆಫ್ ಮಾಡುವ ಸ್ಟಾರ್ಟರೂ ಇತ್ತು. ಮೋಟರಿನ ಪ್ಲೇಟಿನಲ್ಲಿ 7.5 ಆಂಪಿಯರ್ ಅಂತ ಇದೆ, ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇಯ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಮಿತಿಯ ಡಯಲ್ ನೋಡಿದರೆ 11ರಲ್ಲಿ ಕೂತಿದೆ. ಕೇಳಿದ್ದಕ್ಕೆ, "ಸುಮ್‌ಸುಮ್ನೆ ಟ್ರಿಪ್ ಆಗ್ತಿತ್ತಣ್ಣ, ಸ್ವಲ್ಪ ತಿರುಗಿಸಿದೆ" ಅಂದರು.

ರಿಲೇ ಬಿಚ್ಚಿ ತೋರಿಸಿದೆ. ಒಳಗೆ ಮೂರು ಫೇಸಿಗೆ ಮೂರು ಲೋಹದ ಪಟ್ಟಿ. ಒಂದೊಂದಕ್ಕೂ ತಂತಿ ಸುತ್ತಿದೆ. ಮೋಟರಿಗೆ ಹೋಗುವ ಕರೆಂಟೆಲ್ಲ ಆ ತಂತಿಯನ್ನು ಹಾದೇ ಹೋಗಬೇಕು. ಕರೆಂಟ್ ಜಾಸ್ತಿಯಾದರೆ ತಂತಿ ಕಾಯುತ್ತದೆ, ಪಟ್ಟಿ ಬಿಸಿಯಾಗಿ ಬಾಗುತ್ತದೆ. ಬಾಗಿದ ತುದಿ ಪಕ್ಕದ ಪ್ಲಾಸ್ಟಿಕ್ ತುಂಡನ್ನು ತಳ್ಳುತ್ತದೆ, ಕಾಂಟ್ಯಾಕ್ಟ್ ಬಿಡುತ್ತದೆ, ಸ್ಟಾರ್ಟರನ್ನು ಹಿಡಿದಿಟ್ಟ ಕಾಯಿಲ್‌ಗೆ ಕರೆಂಟ್ ತಪ್ಪಿ ಸ್ಟಾರ್ಟರ್ ಟಕ್ ಅಂತ ಬಿದ್ದುಹೋಗುತ್ತದೆ.

ಬಾಗುವುದು ಯಾಕೆ? ಅದು ಒಂದು ಲೋಹವಲ್ಲ, ಬೆನ್ನಿಗೆ ಬೆನ್ನು ಬೆಸೆದ ಎರಡು ಲೋಹ. ಹಿತ್ತಾಳೆ ಮತ್ತು ಉಕ್ಕನ್ನೇ ತೆಗೆದುಕೊಳ್ಳಿ. 10 ಸೆಂ.ಮೀ. ಪಟ್ಟಿಯ ಬಿಸಿ 100 ಡಿಗ್ರಿ ಏರಿದರೆ ಹಿತ್ತಾಳೆ ಸುಮಾರು 0.19 ಮಿ.ಮೀ. ಹಿಗ್ಗುತ್ತದೆ, ಉಕ್ಕು 0.12. ವ್ಯತ್ಯಾಸ ಒಂದು ಕೂದಲೆಳೆಯಷ್ಟು, ಕಣ್ಣಿಗೇ ಕಾಣುವುದಿಲ್ಲ. ಆದರೆ ಇಬ್ಬರನ್ನೂ ಒಟ್ಟಿಗೆ ಕಟ್ಟಿಹಾಕಿದ್ದೇವಲ್ಲ, ಹಿತ್ತಾಳೆ ಹೊರಮೈಗೆ ಬಂದು ಪಟ್ಟಿ ಬಿಲ್ಲಾಗುತ್ತದೆ. ಒಟ್ಟು 1 ಮಿ.ಮೀ. ದಪ್ಪದ ಪಟ್ಟಿಯ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಸುಮಾರು 5 ಮಿ.ಮೀ. ಸರಿಯುತ್ತದೆ! ಒಂದು ಸ್ವಿಚ್ ಒತ್ತಲು ಅಷ್ಟು ಸಾಕೋ ಸಾಕು. ಇನ್ನೂ ಜಾಸ್ತಿ ಬಾಗಬೇಕಾದರೆ ಉಕ್ಕಿನ ಬದಲು ಇನ್ವಾರ್ ಹಾಕುತ್ತಾರೆ. ನೂರಕ್ಕೆ 36 ಪಾಲು ನಿಕಲ್, ಉಳಿದದ್ದು ಕಬ್ಬಿಣ. ಇಷ್ಟು ಬಿಸಿಗೆಲ್ಲ ಹಿಗ್ಗಲು ಬಹಳ ಜಿಪುಣ.

ಇದೇನು ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ 18ನೇ ಶತಮಾನದಲ್ಲೇ ಹಡಗಿಗೆಂದು ಮಾಡಿದ ತನ್ನ ಮೂರನೇ ಗಡಿಯಾರಕ್ಕೆ ಹಿತ್ತಾಳೆ-ಉಕ್ಕಿನ ಪಟ್ಟಿ ಹಾಕಿದ್ದ. ಚಳಿಗೆ ಸೆಕೆಗೆ ಗಡಿಯಾರ ಹಿಂದೆ ಮುಂದೆ ಓಡಬಾರದು ಅಂತ. ನಿಮ್ಮ ಇಸ್ತ್ರಿ ಪೆಟ್ಟಿಗೆ ಆಗಾಗ 'ಟಿಕ್' ಅನ್ನುತ್ತದಲ್ಲ, ಅದೂ ಇದೇ.

ರಿಲೇ ನಿಧಾನ ಅಂತ ಕೆಲವರು ಬೈಯುತ್ತಾರೆ. ನನಗಂತೂ ಆ ನಿಧಾನವೇ ಇಷ್ಟ. ಮೋಟರ್ ಎದ್ದೇಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದೂ ಕೆಲವೇ ಸೆಕೆಂಡು. ಪಟ್ಟಿ ಕಾಯುವಷ್ಟರಲ್ಲಿ ಮೋಟರ್ ವೇಗ ಹಿಡಿದಿರುತ್ತದೆ. ಅದೇ ಒಂದು ಫೇಸ್ ಹೋಗಿ, ಉಳಿದೆರಡು ಫೇಸ್ ಜಾಸ್ತಿ ಕರೆಂಟ್ ಎಳೆಯುತ್ತಲೇ ಇದ್ದರೆ ಪಟ್ಟಿ ಬಾಗಿ ಸ್ಟಾರ್ಟರ್ ಬೀಳಿಸದೆ ಬಿಡುವುದಿಲ್ಲ. ಶಾರ್ಟ್ ಸರ್ಕ್ಯೂಟಿಗೆ ಮಾತ್ರ ಇದನ್ನು ನಂಬಬೇಡಿ. ಅದಕ್ಕೇ ಎಂಸಿಬಿ (ಬೋರ್ಡಿನಲ್ಲಿ ತಾನೇ ಬೀಳುವ ಸ್ವಿಚ್) ಒಳಗೆ ಪಟ್ಟಿಯ ಜೊತೆ ತಟ್ಟನೆ ಎಳೆಯುವ ಕಾಯಿಲ್ ಕೂಡ ಇರುತ್ತದೆ.

ಟ್ರಿಪ್ ಆದ ಕೂಡಲೇ ರಿಸೆಟ್ ಒತ್ತಿದರೆ ಕೂರುವುದಿಲ್ಲ, ಅಲ್ವಾ? ಕೆಟ್ಟಿದೆ ಅಂತಲ್ಲ, ಪಟ್ಟಿ ಇನ್ನೂ ಬಿಸಿ ಇದೆ. ಸ್ವಲ್ಪ ಹೊತ್ತು ಕಾಯಿರಿ.

ಹೊಸ ವೈಂಡಿಂಗ್ ಮುಗಿಸಿ, ಡಯಲನ್ನು 7.5ಕ್ಕೆ ಇಳಿಸಿ, ಅವರ ತೋಟಕ್ಕೇ ಹೋದೆ. ಬೋರ್ಡಿನಲ್ಲಿ ಒಂದು ಫೇಸಿನ ಫ್ಯೂಸ್ ಕ್ಯಾರಿಯರ್ (ಫ್ಯೂಸ್ ಕೂರಿಸುವ ಹಿಡಿ) ಸಡಿಲವಾಗಿ ಕಪ್ಪು ಹಿಡಿದಿತ್ತು. ರಿಲೇ ಸುಮ್‌ಸುಮ್ನೆ ಟ್ರಿಪ್ ಆಗಿರಲಿಲ್ಲ.